ಲಿಪಿಕಾರನ ಪಾಲು

ಕುಮಾರವ್ಯಾಸನ ಒಂದು ಸಾಲಿನಿಂದ ಆರಂಭಿಸುತ್ತೇನೆ. ನಿಮ್ಮಲ್ಲಿ ಬಹಳ ಮಂದಿಗೆ ಅದು ಬಾಯಿಪಾಠ: ‘ವೀರನಾರಾಯಣನೆ ಕವಿ, ಲಿಪಿಕಾರ ಕುವರವ್ಯಾಸ’. ಕಾವ್ಯ ಕಟ್ಟಿದವನು ದೇವರು, ನಾನು ಬರೆದುಕೊಂಡವನು ಮಾತ್ರ ಎಂಬುದು ಇದರ ನೇರ ಅರ್ಥ. ಕವಿಯ ವಿನಯಕ್ಕೆ ಉದಾಹರಣೆಯಾಗಿ ಇದನ್ನು ಪಾಠ ಹೇಳುತ್ತಾರೆ. ಆದರೆ ಅದೇ ಪೀಠಿಕೆಯಲ್ಲಿ ಇನ್ನೊಂದು ಪದ್ಯವಿದೆ. ಹಲಗೆ ಬಳಪ ಹಿಡಿಯದ ಅಗ್ಗಳಿಕೆ, ಒಮ್ಮೆ ಇಟ್ಟ ಪದವನ್ನು ಅಳಿಸದ ಅಗ್ಗಳಿಕೆ, ಪರರ ರೀತಿಯನ್ನು ಎರವಲು ತರದ ಅಗ್ಗಳಿಕೆ, ಬರೆಯಲು ಕುಳಿತರೆ ಓಲೆಯ ಮೇಲೆ ಕಂಠಪತ್ರದ (ಕಂಠ ಎಂದರೆ ಓಲೆಯಲ್ಲಿ ಬರೆಯುವ ಕಡ್ಡಿ) ಸದ್ದು ನಿಲ್ಲದ ಅಗ್ಗಳಿಕೆ, ಇಷ್ಟೂ ವೀರನಾರಾಯಣನ ಕಿಂಕರನಿಗೆ ಇವೆ ಎನ್ನುತ್ತಾನೆ. ಕಿಂಕರ ಎಂದರೆ ತಾನೇ. ಇದು ಕಸುಬು ಕೈವಶವಾದವನು ಎದೆ ತಟ್ಟಿಕೊಂಡು ಆಡುವ ಮಾತು.

ಒಬ್ಬನೇ ಕವಿ ಈ ಎರಡನ್ನೂ ಹೇಗೆ ಹೇಳಿದ? ಕವಿ ದೇವರಾದರೆ, ಅಳಿಸದೆ ಬರೆದ ಹೆಮ್ಮೆ ಲಿಪಿಕಾರನದು ಹೇಗಾಯಿತು? ಈ ಪ್ರಶ್ನೆ ನನ್ನನ್ನು ವರ್ಷಗಟ್ಟಲೆ ಕಾಡಿದೆ. ಇವತ್ತು ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಒಳಗೆ ಬರುವಾಗ ಬಾಗಿಲಲ್ಲಿ ಒಬ್ಬರು ನಿಲ್ಲಿಸಿ ಕೇಳಿದರು: ‘ಧರ್ಮಗ್ರಂಥಗಳನ್ನು ದೇವರು ಬರೆಸಿದನೋ, ಮನುಷ್ಯರೇ ಬರೆದುಕೊಂಡರೋ? ಒಂದು ಮಾತಿನಲ್ಲಿ ಹೇಳಿಬಿಡಿ.’ ಪ್ರಶ್ನೆ ಪ್ರಾಮಾಣಿಕವಾದದ್ದು. ಆದರೆ ಅದರೊಳಗೆ ಒಂದು ಎಣಿಕೆ ಅಡಗಿದೆ. ದೇವರ ಪಾಲು ಹೆಚ್ಚಿದಷ್ಟೂ ಮನುಷ್ಯನ ಪಾಲು ಕಡಿಮೆಯಾಗಬೇಕು, ಒಂದೇ ಹೊಲವನ್ನು ಇಬ್ಬರು ಹಂಚಿಕೊಂಡಂತೆ ಎಂಬ ಎಣಿಕೆ. ನಂಬುವವರೂ ನಂಬದವರೂ ಈ ವಿಷಯದಲ್ಲಿ ಒಂದೇ ಲೆಕ್ಕ ಹಾಕುತ್ತಾರೆ. ಗ್ರಂಥದಲ್ಲಿ ಮನುಷ್ಯನ ಬೆರಳಚ್ಚು ಕಂಡರೆ ಒಬ್ಬರು ಅದನ್ನು ಮುಚ್ಚಲು ಹೋಗುತ್ತಾರೆ, ಇನ್ನೊಬ್ಬರು ಅದನ್ನೇ ತೋರಿಸಿ ‘ನೋಡಿ, ದೇವರಿಲ್ಲ’ ಎನ್ನುತ್ತಾರೆ. ಗ್ರಂಥಗಳನ್ನೇ ತೆರೆದು ನೋಡಿದರೆ ಅವು ಈ ಲೆಕ್ಕಕ್ಕೆ ಒಪ್ಪುವುದಿಲ್ಲ ಎಂಬುದು ನನ್ನ ಅನುಭವ. ಮನುಷ್ಯನ ಬೆರಳಚ್ಚನ್ನು ಅವು ಬಚ್ಚಿಡುವುದಿಲ್ಲ. ಎಷ್ಟೋ ಕಡೆ ತಾವಾಗಿಯೇ ಎತ್ತಿ ತೋರಿಸುತ್ತವೆ.

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ‘ದೈವಪ್ರೇರಣೆ’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ, ಆದರೆ ಕನ್ನಡದಲ್ಲಿ ಇದರ ಸುತ್ತ ಹಲವು ಮಾತುಗಳಿವೆ. ಆವೇಶ ಎಂದರೆ ಮೈಮೇಲೆ ಬರುವುದು. ಆಗ ಮಾತಾಡುವವನಿಗೆ ತಾನು ಆಡಿದ್ದು ಆಮೇಲೆ ನೆನಪಿರಬೇಕಾಗಿಲ್ಲ. ಪ್ರೇರಣೆ ಎಂದರೆ ಮುಂದಕ್ಕೆ ನೂಕುವುದು. ನೂಕಿಸಿಕೊಂಡವನು ತನ್ನ ಕಾಲಿನ ಮೇಲೆಯೇ ನಡೆಯುತ್ತಾನೆ. ದರ್ಶನದಲ್ಲಿ ಕಣ್ಣು ಅವನದು, ಶ್ರುತಿಯಲ್ಲಿ ಕಿವಿ ಅವನದು. ಇವೆಲ್ಲವನ್ನೂ ಒಂದೇ ಗಂಟು ಕಟ್ಟಿದಾಗ ಚರ್ಚೆ ಕೆಡುತ್ತದೆ.

ಎರಡನೆಯ ಶತಮಾನದಲ್ಲಿ, ಈಗಿನ ಟರ್ಕಿಗೆ ಸೇರಿದ ಫ್ರಿಜಿಯಾದಲ್ಲಿ ಮಾಂಟೇನಸ್ ಎಂಬ ಕ್ರೈಸ್ತ ಪ್ರವಾದಿಯಿದ್ದ. ಅವನ ಬಾಯಿಂದ ದೇವರು ಆಡಿದನೆಂದು ಹೇಳುವ ಒಂದು ಮಾತು ಉಳಿದುಬಂದಿದೆ. ಮನುಷ್ಯ ತಂತಿವಾದ್ಯವಿದ್ದಂತೆ, ನಾನು ಮೀಟುವ ಕಡ್ಡಿಯಂತೆ ಅವನ ಮೇಲೆ ಸುಳಿಯುತ್ತೇನೆ. ಮನುಷ್ಯ ನಿದ್ರಿಸುತ್ತಾನೆ, ನಾನು ಎಚ್ಚರವಾಗಿರುತ್ತೇನೆ. ಉಪಮೆ ಚೆಲುವಾಗಿದೆ. ಆದರೂ ಆ ಕಾಲದ ಚರ್ಚಿನ ಹಿರಿಯರು ಇದನ್ನು ಒಪ್ಪಲಿಲ್ಲ. ಎಚ್ಚರ ತಪ್ಪಿ ಆಡುವುದು ಪ್ರವಾದಿಯ ಲಕ್ಷಣವಲ್ಲ ಎಂದು ವಾದಿಸಿದರು. ದೇವರು ಎಚ್ಚರವಾಗಿರಲು ಮನುಷ್ಯ ನಿದ್ರಿಸಬೇಕಾಗಿಲ್ಲ ಎಂಬ ಈ ನಿಲುವು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಈಗ ವೇದಕ್ಕೆ ಬರುತ್ತೇನೆ. ಋಷಿ ಮಂತ್ರವನ್ನು ರಚಿಸಿದವನಲ್ಲ, ಕಂಡವನು ಎಂಬುದು ನಮ್ಮ ಪರಂಪರೆಯ ಮಾತು. ‘ಋಷಿರ್ದರ್ಶನಾತ್’, ಕಂಡದ್ದರಿಂದ ಋಷಿ ಎಂದು ವೇದದ ಪದಗಳ ಅರ್ಥ ಬಿಡಿಸುವ ಯಾಸ್ಕನ ನಿರುಕ್ತದಲ್ಲಿದೆ. ಆದರೆ ಋಗ್ವೇದದ ಐದನೆಯ ಮಂಡಲದ ಎರಡನೆಯ ಸೂಕ್ತದಲ್ಲಿ ಋಷಿಯೇ ಅಗ್ನಿಗೆ ಹೇಳುತ್ತಾನೆ: ಕುಶಲ ಕೆಲಸಗಾರ ರಥವನ್ನು ಕಡೆದಂತೆ ನಿನಗಾಗಿ ಈ ಸ್ತೋತ್ರವನ್ನು ಕಡೆದಿದ್ದೇನೆ. ಹತ್ತನೆಯ ಮಂಡಲದ ವಾಕ್ಕಿನ ಸೂಕ್ತದಲ್ಲಿ ಇನ್ನೂ ಸೊಗಸಾದ ಹೋಲಿಕೆಯಿದೆ. ಧೀರರು ಹುರಿಹಿಟ್ಟಿಗೆ ಜರಡಿ ಹಿಡಿದಂತೆ ಮನಸ್ಸಿನಿಂದ ಮಾತನ್ನು ಶುದ್ಧಿ ಮಾಡಿದರು ಎಂದು. ಅದೇ ಸೂಕ್ತದಲ್ಲಿ ಎರಡು ಋಕ್ಕು ಮುಂದೆ ಹೋದರೆ ಮಾತು ತಿರುಗುತ್ತದೆ: ಒಬ್ಬನು ನೋಡಿಯೂ ವಾಕ್ಕನ್ನು ಕಾಣಲಿಲ್ಲ, ಒಬ್ಬನು ಕೇಳಿಯೂ ಅವಳನ್ನು ಕೇಳಲಿಲ್ಲ, ಮತ್ತೊಬ್ಬನಿಗೆ ಮಾತ್ರ ಅವಳು ತಾನಾಗಿಯೇ ತನ್ನನ್ನು ತೆರೆದು ತೋರಿಸಿದಳು. ಜರಡಿ ಹಿಡಿಯುವ ಕೆಲಸವೂ ಇದೆ, ಅವಳಾಗಿ ತೋರಿಸಿಕೊಳ್ಳುವ ಕೃಪೆಯೂ ಇದೆ. ಬಡಗಿತನ ಮತ್ತು ದರ್ಶನ ಒಂದಕ್ಕೊಂದು ವಿರೋಧ ಎಂದು ಆ ಋಷಿಗಳಿಗೆ ತೋರಲೇ ಇಲ್ಲ.

ವಿರೋಧ ತೋರಿದ್ದು ಆಮೇಲೆ ಬಂದ ದಾರ್ಶನಿಕರಿಗೆ. ವೇದವಾಕ್ಯಗಳ ಅರ್ಥವನ್ನು ವಿಚಾರಿಸಿದ ಮೀಮಾಂಸಕರದು ಬಹಳ ದಿಟ್ಟ ವಾದ. ಹೇಳುವವನಿದ್ದರೆ ಅವನು ತಪ್ಪಬಹುದು, ವಂಚಿಸಬಹುದು. ವೇದಕ್ಕೆ ಹೇಳಿದವನೇ ಇಲ್ಲ, ಆದ್ದರಿಂದ ತಪ್ಪುವವನೂ ಇಲ್ಲ. ಅಪೌರುಷೇಯ ಎಂದರೆ ಇದು. ಗಮನಿಸಿ, ಅವರ ವೇದಕ್ಕೆ ದೇವರೂ ಕರ್ತೃವಲ್ಲ. ತರ್ಕಶಾಸ್ತ್ರದವರಾದ ನೈಯಾಯಿಕರು ಇದಕ್ಕೆ ಎದುರು ನಿಂತರು. ಮಾತು ಇದ್ದ ಮೇಲೆ ಆಡಿದವನು ಇರಲೇಬೇಕು, ಆಡಿದವನು ನಂಬಿಕೆಗೆ ಅರ್ಹನಾದ ಆಪ್ತನಾದ್ದರಿಂದಲೇ ಮಾತು ಪ್ರಮಾಣ ಎಂದರು. ಇದಕ್ಕೆ ನ್ಯಾಯಸೂತ್ರ ಕೊಡುವ ದೃಷ್ಟಾಂತ ಆಯುರ್ವೇದ. ಮದ್ದಿನ ಮಾತನ್ನು ನಾವು ಹೇಗೆ ನಂಬುತ್ತೇವೋ ಹಾಗೆ ವೇದದ ಮಾತನ್ನೂ ನಂಬುತ್ತೇವೆ ಎಂದು. ವೇದವೇ ಪರಮಪ್ರಮಾಣ ಎಂದು ಒಪ್ಪಿದ ಎರಡು ಶಾಲೆಗಳು ಅದರ ಕರ್ತೃವಿನ ವಿಷಯದಲ್ಲಿ ಶತಮಾನಗಳ ಕಾಲ ಹೀಗೆ ಹೋರಾಡಿದವು. ಶ್ರದ್ಧೆಯಿದ್ದವರು ಈ ಪ್ರಶ್ನೆಯನ್ನು ಕೇಳಬಾರದು ಎನ್ನುವವರಿಗೆ ಇದು ನೆನಪಿರಲಿ.

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಮೈತ್ರೇಯಿಗೆ ಹೇಳುವ ಒಂದು ಮಾತನ್ನು ಇಲ್ಲಿ ಸ್ವಲ್ಪ ಹೊತ್ತು ಹಿಡಿದು ನೋಡಬೇಕು. ಒದ್ದೆ ಸೌದೆಯಿಟ್ಟು ಹೊತ್ತಿಸಿದ ಬೆಂಕಿಯಿಂದ ಹೊಗೆ ಬೇರೆಬೇರೆಯಾಗಿ ಹೊರಡುವಂತೆ, ಋಗ್ವೇದ, ಯಜುರ್ವೇದ, ಸಾಮವೇದ ಎಲ್ಲವೂ ಆ ಮಹಾಭೂತದ ನಿಃಶ್ವಾಸ, ಉಸಿರು. ಶಂಕರರು ಇದಕ್ಕೆ ಭಾಷ್ಯ ಬರೆಯುವಾಗ, ಮನುಷ್ಯ ಪ್ರಯತ್ನವಿಲ್ಲದೆ ಉಸಿರಾಡುವಂತೆ ಎಂದು ವಿವರಿಸುತ್ತಾರೆ. ಉಸಿರಿನ ಪಟ್ಟಿ ಮೂರು ವೇದಗಳಿಗೆ ನಿಲ್ಲುವುದಿಲ್ಲ. ಇತಿಹಾಸ, ಪುರಾಣ, ಶ್ಲೋಕ, ಸೂತ್ರ, ಕೊನೆಗೆ ವ್ಯಾಖ್ಯಾನಗಳು ಕೂಡ ಆ ಉಸಿರೇ ಎನ್ನುತ್ತದೆ ಉಪನಿಷತ್ತು. ಇನ್ನು ಆ ಒದ್ದೆ ಸೌದೆ. ಒಣ ಸೌದೆ ಹೆಚ್ಚು ಹೊಗೆಯಾಡದು. ಹೊಗೆಗೆ ಬೆಂಕಿಯೂ ಬೇಕು, ಕಟ್ಟಿಗೆಯ ತೇವವೂ ಬೇಕು. ಉಪನಿಷತ್ತು ಈ ಅರ್ಥವನ್ನು ಬಿಡಿಸಿ ಹೇಳಿಲ್ಲ, ಇದು ನನ್ನ ಓದು. ಆದರೆ ಆ ತೇವವೇ ಲಿಪಿಕಾರನ ಪಾಲು ಎಂದು ನನಗೆ ಪ್ರತಿ ಸಲವೂ ತೋರುತ್ತದೆ.

ಉಸಿರಿನ ಇದೇ ಉಪಮೆ ಬೈಬಲಿನಲ್ಲಿಯೂ ಇದೆ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಮೂರನೆಯ ಅಧ್ಯಾಯದಲ್ಲಿ ಧರ್ಮಶಾಸ್ತ್ರವೆಲ್ಲ ದೈವಪ್ರೇರಿತ ಎಂದು ಕನ್ನಡದಲ್ಲಿ ಓದುತ್ತೇವೆ. ಗ್ರೀಕ್ ಮೂಲದ ಪದವನ್ನು ಬಿಡಿಸಿದರೆ ‘ದೇವರು ಉಸಿರಿದ್ದು’ ಎಂದಾಗುತ್ತದೆ. ಹೊಸ ಒಡಂಬಡಿಕೆಯಲ್ಲಿ ಆ ಪದ ಬರುವುದು ಅದೊಂದೇ ಕಡೆ. ಪೇತ್ರನ ಎರಡನೆಯ ಪತ್ರ ಬೇರೆ ಚಿತ್ರ ಕೊಡುತ್ತದೆ: ಮನುಷ್ಯರು ಪವಿತ್ರಾತ್ಮನಿಂದ ಒಯ್ಯಲ್ಪಟ್ಟು ಮಾತಾಡಿದರು. ಇದೇ ಕ್ರಿಯಾಪದ ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯದಲ್ಲಿ, ಬಿರುಗಾಳಿಗೆ ಸಿಕ್ಕ ಹಡಗು ಗಾಳಿ ಒಯ್ದತ್ತ ಸಾಗಿದ್ದನ್ನು ಹೇಳುವಾಗ ಬರುತ್ತದೆ. ಆ ಅಧ್ಯಾಯವನ್ನು ಮನೆಗೆ ಹೋಗಿ ಓದಿ. ಹಡಗನ್ನು ಗಾಳಿ ಒಯ್ಯುತ್ತಿರುವಾಗ ನಾವಿಕರು ಕೈಕಟ್ಟಿ ಕುಳಿತಿಲ್ಲ. ಹಗ್ಗದಿಂದ ಹಡಗನ್ನು ಬಿಗಿಯುತ್ತಾರೆ, ಸರಕನ್ನು ಹೊರಗೆ ಎಸೆಯುತ್ತಾರೆ, ಆಳ ಎಷ್ಟೆಂದು ಅಳೆಯುತ್ತಾರೆ.

ಇಲ್ಲಿ ನಾನು ಬಹಳ ಪ್ರೀತಿಸುವ ಒಬ್ಬ ಲಿಪಿಕಾರನನ್ನು ಪರಿಚಯಿಸಬೇಕು. ಅವನ ಹೆಸರು ಬಾರೂಕ, ಪ್ರವಾದಿ ಯೆರೆಮೀಯನ ಬರಹಗಾರ. ಕ್ರಿ.ಪೂ. 605ರ ಸುಮಾರು, ಯೆಹೂದದ ಅರಸ ಯೆಹೋಯಾಕೀಮ ಆಳುತ್ತಿದ್ದ ನಾಲ್ಕನೆಯ ವರ್ಷ. ಯೆರೆಮೀಯ ಆ ವೇಳೆಗೆ 23 ವರ್ಷ ಬಾಯಿಮಾತಿನಲ್ಲಿ ಎಚ್ಚರಿಸುತ್ತ ಬಂದಿದ್ದ, ಯಾರೂ ಕಿವಿಗೊಟ್ಟಿರಲಿಲ್ಲ. ಈಗ ಸುರುಳಿಯಲ್ಲಿ ಬರೆಸು ಎಂಬ ಅಪ್ಪಣೆಯಾಗುತ್ತದೆ. ಅವನು ಹೇಳುತ್ತಾನೆ, ಬಾರೂಕ ಬರೆಯುತ್ತಾನೆ. ದೇವಾಲಯಕ್ಕೆ ಹೋಗಲು ಯೆರೆಮೀಯನಿಗೆ ತಡೆಯಿತ್ತು, ಹಾಗಾಗಿ ಬಾರೂಕನೇ ಅಲ್ಲಿ ನಿಂತು ಎಲ್ಲರಿಗೆ ಕೇಳುವಂತೆ ಓದಿದ. ಸುದ್ದಿ ಅಧಿಕಾರಿಗಳಿಗೆ ಮುಟ್ಟಿತು. ಅವರು ಅವನನ್ನು ಕರೆಸಿ ಓದಿಸಿ, ಆಮೇಲೆ ಕೇಳಿದ ಪ್ರಶ್ನೆಯನ್ನು ನೋಡಿ: ‘ಇದನ್ನೆಲ್ಲ ನೀನು ಹೇಗೆ ಬರೆದೆ, ನಮಗೆ ತಿಳಿಸು.’ ನಾವು ಇವತ್ತು ಕೇಳುತ್ತಿರುವ ಪ್ರಶ್ನೆಯೇ ಅದು. ಬಾರೂಕನ ಉತ್ತರ ಸರಳವಾಗಿದೆ: ಅವನು ತನ್ನ ಬಾಯಿಂದ ಹೇಳಿದ, ನಾನು ಶಾಯಿಯಿಂದ ಸುರುಳಿಯಲ್ಲಿ ಬರೆದೆ. ಗುಡುಗು ಮಿಂಚುಗಳ ಮಾತನ್ನೇ ಎತ್ತದೆ ಅವನು ಶಾಯಿಯನ್ನು ಹೆಸರಿಸುತ್ತಾನೆ.

ಮುಂದೆ ಸುರುಳಿ ಅರಸನ ಬಳಿಗೆ ಹೋಯಿತು. ಒಂಬತ್ತನೆಯ ತಿಂಗಳು, ಚಳಿಗಾಲದ ಅರಮನೆ, ಮುಂದೆ ಅಗ್ಗಿಷ್ಟಿಕೆ ಉರಿಯುತ್ತಿದೆ. ಮೂರು ನಾಲ್ಕು ಅಂಕಣ ಓದಿಯಾದ ಹಾಗೆಲ್ಲ ಅರಸ ಬರಹಗಾರರ ಚೂರಿಯಿಂದ ಅಷ್ಟನ್ನು ಕತ್ತರಿಸಿ ಬೆಂಕಿಗೆ ಹಾಕುತ್ತ ಹೋದ. ಇಡೀ ಸುರುಳಿ ಬೂದಿಯಾಯಿತು. ಸುರುಳಿಯನ್ನು ಹೊಂದಿಸಲು ಬಳಸುವ ಚೂರಿಯೇ ಅದನ್ನು ಕೊಯ್ದದ್ದನ್ನು ಓದುವಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಯೆರೆಮೀಯ ಇನ್ನೊಂದು ಸುರುಳಿ ತೆಗೆದುಕೊಂಡು ಬಾರೂಕನ ಕೈಗೆ ಕೊಟ್ಟ. ಸುಟ್ಟುಹೋದ ಮಾತುಗಳೆಲ್ಲ ಮತ್ತೆ ಬರೆಯಲ್ಪಟ್ಟವು. ಅಷ್ಟಕ್ಕೇ ಅಧ್ಯಾಯ ಮುಗಿಯುವುದಿಲ್ಲ, ಕೊನೆಯ ವಾಕ್ಯದಲ್ಲಿ ‘ಅಂಥ ಇನ್ನೂ ಅನೇಕ ಮಾತುಗಳು ಅವುಗಳಿಗೆ ಸೇರಿದವು’ ಎಂದಿದೆ. ಎರಡನೆಯ ಪ್ರತಿ ಮೊದಲನೆಯದಕ್ಕಿಂತ ದೊಡ್ಡದಾಯಿತು ಎಂದು ಪವಿತ್ರ ಗ್ರಂಥವೇ ದಾಖಲಿಸಿದೆ. ದೇವರ ಮಾತು ಎಂದರೆ ಒಂದು ಸಲ ಇಳಿದು ಕಲ್ಲಾಗುವಂಥದ್ದು ಎಂದು ಭಾವಿಸಿದವರು ಈ ವಾಕ್ಯವನ್ನು ದಾಟಿಕೊಂಡು ಹೋಗಲಾರರು.

ಬೈಬಲಿನ ಯೆರೆಮೀಯನ ಗ್ರಂಥದಲ್ಲಿ ಬಾರೂಕನಿಗಾಗಿಯೇ ಒಂದು ಪುಟ್ಟ ಅಧ್ಯಾಯವಿದೆ, 45ನೆಯದು. ಕೇವಲ ಐದು ವಚನ. ನರಳಿ ನರಳಿ ಬಳಲಿದ್ದೇನೆ, ನನಗೆ ವಿಶ್ರಾಂತಿಯಿಲ್ಲ ಎಂದು ಆ ಬರಹಗಾರ ಗೋಳಾಡಿದ್ದಾನೆ. ದೇವರು ಅವನಿಗೆ ಪ್ರತ್ಯೇಕವಾಗಿ ಉತ್ತರ ಕೊಡುತ್ತಾನೆ: ಮಹತ್ತಾದದ್ದನ್ನು ನಿನಗಾಗಿ ಹುಡುಕುತ್ತೀಯಾ? ಹುಡುಕಬೇಡ. ನೀನು ಎಲ್ಲಿಗೆ ಹೋದರೂ ನಿನ್ನ ಪ್ರಾಣವನ್ನು ಉಳಿಸಿಕೊಡುತ್ತೇನೆ. ಬರೆದುಕೊಂಡವನ ಬೆನ್ನುನೋವಿಗೂ ಧರ್ಮಗ್ರಂಥದಲ್ಲಿ ಜಾಗ ಸಿಕ್ಕಿತು.

ಹೊಸ ಒಡಂಬಡಿಕೆಯಲ್ಲಿರುವ ಅಪೊಸ್ತಲ ಪೌಲನ ಪತ್ರಗಳಲ್ಲಿ ಇಂಥವು ತುಂಬಿವೆ, ಬೇಗಬೇಗನೆ ಹೇಳುತ್ತೇನೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ, ಕ್ರಿಸ್ಪ ಗಾಯರನ್ನು ಬಿಟ್ಟರೆ ನಿಮ್ಮಲ್ಲಿ ಯಾರಿಗೂ ನಾನು ದೀಕ್ಷಾಸ್ನಾನ ಮಾಡಿಸಲಿಲ್ಲ ಎನ್ನುತ್ತಾನೆ. ಮರುಕ್ಷಣ ಸ್ತೆಫನನ ಮನೆಯವರು ನೆನಪಾಗುತ್ತಾರೆ. ಇನ್ನಾರಿಗಾದರೂ ಮಾಡಿಸಿದೆನೋ ನನಗೆ ಗೊತ್ತಿಲ್ಲ ಎಂದು ಸೇರಿಸುತ್ತಾನೆ. ಮರೆವು ಮರೆವಾಗಿಯೇ ಉಳಿದಿದೆ. ಮದುವೆಯ ವಿಷಯದಲ್ಲಿ ‘ಇದು ಕರ್ತನ ಆಜ್ಞೆ’, ‘ಇದು ಕರ್ತನದಲ್ಲ, ನನ್ನ ಮಾತು’ ಎಂದು ತಾನೇ ಬೇರ್ಪಡಿಸುತ್ತಾನೆ. ರೋಮಾಪುರದವರಿಗೆ ಹೋದ ಪತ್ರದ ಕೊನೆಯಲ್ಲಿ ‘ಈ ಪತ್ರ ಬರೆದ ತೆರ್ತ್ಯನೆಂಬ ನಾನು ನಿಮ್ಮನ್ನು ವಂದಿಸುತ್ತೇನೆ’ ಎಂದು ಲಿಪಿಕಾರನೇ ಬಾಯಿ ಹಾಕುತ್ತಾನೆ. ಲೂಕನಂತೂ ತನ್ನ ಸುವಾರ್ತೆಯ ಮೊದಲ ವಾಕ್ಯಗಳಲ್ಲಿ, ಹಲವರು ಬರೆದಿದ್ದಾರೆ, ನಾನೂ ಎಲ್ಲವನ್ನೂ ಬುಡದಿಂದ ವಿಚಾರಿಸಿ ಕ್ರಮವಾಗಿ ಬರೆದಿದ್ದೇನೆ ಎನ್ನುತ್ತಾನೆ. ದರ್ಶನದ ಮಾತನ್ನೇ ಎತ್ತುವುದಿಲ್ಲ. ವಿಚಾರಿಸಿ ಬರೆಯುವುದೂ ಪ್ರೇರಣೆಯ ಒಂದು ಬಗೆ ಎಂದು ಕ್ರೈಸ್ತರು ಒಪ್ಪಿದ್ದರಿಂದಲೇ ಆ ಪುಸ್ತಕ ಬೈಬಲಿನಲ್ಲಿದೆ. 1965ರ ನವೆಂಬರಿನಲ್ಲಿ ಕ್ಯಾಥೊಲಿಕ್ ಚರ್ಚಿನ ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ದಾಖಲೆಯಲ್ಲಿ ಎರಡು ಮಾತು ಜೊತೆಯಾಗಿ ನಿಂತಿವೆ: ದೇವರು ಕರ್ತೃ, ಮತ್ತು ಬರೆದ ಮನುಷ್ಯರು ತಮ್ಮ ಶಕ್ತಿ ಸಾಮರ್ಥ್ಯಗಳನ್ನು ಬಳಸಿದ ನಿಜವಾದ ಕರ್ತೃಗಳು.

ಈಗ ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಕುರ್‌ಆನ್ ಬಂದಿರಬಹುದು. ಇಸ್ಲಾಮಿನ ನಿಲುವು ಇನ್ನೂ ಬಿಗಿಯಾದದ್ದು. ಅಲ್ಲಿ ಅರ್ಥ ಮಾತ್ರವಲ್ಲ, ಪದವೂ ದೇವರದೇ. ಪ್ರವಾದಿ ಮುಹಮ್ಮದರು ಅದರ ಕರ್ತೃವಲ್ಲ, ತಲುಪಿಸಿದವರು. ಅರ್ಥ ದೇವರದು, ಪದ ಪ್ರವಾದಿಯದು ಎಂದು ಹಲವು ವಿದ್ವಾಂಸರು ವಿವರಿಸುವ ‘ಹದೀಸ್ ಕುದ್ಸಿ’ಯನ್ನು ಮುಸ್ಲಿಮರು ಕುರ್‌ಆನಿನಿಂದ ಬೇರೆಯಾಗಿಯೇ ಇಡುತ್ತಾರೆ. ಇಷ್ಟು ಬಿಗಿಯಾದ ನಿಲುವಿನಲ್ಲಿ ಮನುಷ್ಯನಿಗೆ ಎಡೆಯೆಲ್ಲಿ ಎಂದು ನಾನೂ ಒಂದು ಕಾಲದಲ್ಲಿ ಕೇಳಿಕೊಂಡಿದ್ದೆ. ಪ್ರವಾದಿಯವರ ನಡೆನುಡಿಗಳ ವರದಿಗಳಾದ ಹದೀಸ್ ಓದತೊಡಗಿದ ಮೇಲೆ ಕಂಡದ್ದು ಬೆವರು, ನಡುಕ, ಭಾರ.

ಕ್ರಿ.ಶ. 610ರಲ್ಲಿ ಹಿರಾ ಗುಹೆಯಲ್ಲಿ ‘ಓದು’ ಎಂಬ ಆಜ್ಞೆ ಬಂದಾಗ ಪ್ರವಾದಿಯವರ ಮೊದಲ ಉತ್ತರ, ‘ನಾನು ಓದಬಲ್ಲವನಲ್ಲ’. ದೇವದೂತ ಮೂರು ಸಲ ಬಿಗಿಯಾಗಿ ಅಪ್ಪಿ ಒತ್ತಿದ ಮೇಲೆ ವಾಕ್ಯಗಳು ಬಂದವು. ನಡುಗುತ್ತ ಮನೆಗೆ ಬಂದು ಪತ್ನಿ ಖದೀಜಾರಿಗೆ ‘ನನ್ನನ್ನು ಹೊದಿಸಿರಿ’ ಎಂದರು. ಕೊರೆಯುವ ಚಳಿಯ ದಿನದಲ್ಲಿಯೂ ದಿವ್ಯವಾಣಿ ಇಳಿದು ನಿಂತಾಗ ಅವರ ಹಣೆಯಿಂದ ಬೆವರು ಸುರಿಯುತ್ತಿದ್ದುದನ್ನು ಅವರ ಇನ್ನೊಬ್ಬ ಪತ್ನಿ ಆಯಿಷಾ ಹೇಳಿದ್ದಾರೆ.

ಇನ್ನೊಂದು ಘಟನೆಯನ್ನು ಸ್ವಲ್ಪ ನಿಧಾನವಾಗಿ ಕೇಳಿ. ಮನೆಯಲ್ಲಿ ಕುಳಿತವರೂ ದೇವಮಾರ್ಗದಲ್ಲಿ ಹೋರಾಡುವವರೂ ಸಮಾನರಲ್ಲ ಎಂಬ ವಾಕ್ಯವನ್ನು ಪ್ರವಾದಿಯವರು ಲಿಪಿಕಾರ ಝೈದ್ ಬಿನ್ ಸಾಬಿತರಿಗೆ ಹೇಳಿ ಬರೆಸುತ್ತಿದ್ದರು. ಆಗ ಅಬ್ದುಲ್ಲಾ ಬಿನ್ ಉಮ್ಮಿ ಮಕ್ತೂಮ್ ಅಲ್ಲಿಗೆ ಬಂದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಶಕ್ತನಾಗಿದ್ದರೆ ನಾನೂ ಹೋರಾಡುತ್ತಿದ್ದೆನಲ್ಲ ಎಂದರು. ಪ್ರವಾದಿಯವರ ತೊಡೆ ಆಗ ಝೈದರ ತೊಡೆಯ ಮೇಲಿತ್ತು. ದಿವ್ಯವಾಣಿ ಇಳಿಯತೊಡಗಿತು. ನನ್ನ ತೊಡೆ ಮುರಿದೇಹೋಗುತ್ತದೆ ಎಂದು ಹೆದರುವಷ್ಟು ಭಾರವಾಯಿತು ಎಂದು ಝೈದ್ ನೆನೆದಿದ್ದಾರೆ. ಆ ಭಾರ ಇಳಿದಾಗ ವಾಕ್ಯದೊಳಗೆ ‘ಅಶಕ್ತರ ಹೊರತು’ ಎಂಬ ಮಾತು ಸೇರಿತ್ತು. ನಾಲ್ಕನೆಯ ಅಧ್ಯಾಯದ 95ನೆಯ ವಾಕ್ಯ ಇವತ್ತಿಗೂ ಹಾಗೆಯೇ ಇದೆ. ಮಾತು ಮೇಲಿನದು ಎಂಬುದರಲ್ಲಿ ಮುಸ್ಲಿಮರಿಗೆ ಸಂಶಯವಿಲ್ಲ. ಆದರೆ ಅದು ಇಳಿದ ಗಳಿಗೆಯಲ್ಲಿ ಕುರುಡನೊಬ್ಬನ ಅಳಲು ಅಲ್ಲಿತ್ತು, ಬರೆಯುವವನ ತೊಡೆಯೂ ಅಲ್ಲಿತ್ತು. 80ನೆಯ ಅಧ್ಯಾಯದ ಆರಂಭದಲ್ಲಿ, ಬಹುಪಾಲು ವ್ಯಾಖ್ಯಾನಕಾರರ ಪ್ರಕಾರ, ಇದೇ ಅಬ್ದುಲ್ಲಾ ಬಂದಾಗ ಹುಬ್ಬು ಗಂಟಿಕ್ಕಿದ್ದಕ್ಕಾಗಿ ಪ್ರವಾದಿಯವರನ್ನೇ ಎಚ್ಚರಿಸಲಾಗಿದೆ. ತನ್ನನ್ನು ಗದರಿಸುವ ಮಾತನ್ನೂ ಒಂದಕ್ಷರ ಬಿಡದೆ ಜನರಿಗೆ ತಲುಪಿಸುವುದು ಎಂಥ ನಿಷ್ಠೆ ಎಂದು ಯೋಚಿಸಿ.

ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಕ್ರಿ.ಶ. 833ರಲ್ಲಿ ಖಲೀಫ ಅಲ್ ಮಾಮೂನ್, ಕುರ್‌ಆನ್ ದೇವರು ಸೃಷ್ಟಿಸಿದ್ದು, ಅನಾದಿಯಲ್ಲ ಎಂದು ಒಪ್ಪಿಕೊಳ್ಳುವಂತೆ ವಿದ್ವಾಂಸರನ್ನು ವಿಚಾರಣೆಗೆ ಗುರಿಮಾಡಿದ. ಒಪ್ಪದ ಅಹ್ಮದ್ ಬಿನ್ ಹಂಬಲ್ ಸೆರೆವಾಸವನ್ನೂ ಮುಂದಿನ ಖಲೀಫನ ಕಾಲದಲ್ಲಿ ಚಾಟಿಯೇಟನ್ನೂ ಅನುಭವಿಸಿದರು. ಶಬ್ದ ನಿತ್ಯವೋ ಹುಟ್ಟಿದ್ದೋ ಎಂದು ಮೀಮಾಂಸಕರೂ ನೈಯಾಯಿಕರೂ ವಾದಿಸಿದ ಪ್ರಶ್ನೆಗೆ ಇದು ಎಷ್ಟು ಹತ್ತಿರ! ತರ್ಕದ ಪ್ರಶ್ನೆಯನ್ನು ಅರಮನೆ ಕೈಗೆತ್ತಿಕೊಂಡಾಗ ಏನಾಗುತ್ತದೆ ಎಂಬುದೊಂದೇ ವ್ಯತ್ಯಾಸ.

ಸರಿ, ‘ನನ್ನಿಂದ ದೇವರು ಮಾತಾಡುತ್ತಿದ್ದಾನೆ’ ಎಂದು ಯಾರು ಬೇಕಾದರೂ ಹೇಳಬಹುದಲ್ಲ, ನಂಬುವುದು ಹೇಗೆ? ಈ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುವಷ್ಟು ದೊಡ್ಡವನು ನಾನಲ್ಲ. ಒಂದು ಗುರುತನ್ನು ಮಾತ್ರ ಗ್ರಂಥಗಳು ಮತ್ತೆ ಮತ್ತೆ ತೋರಿಸುತ್ತವೆ, ಕಾಯುವುದು. ಯೆರೆಮೀಯನ ಎದುರು ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ನಿಂತು, ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಸಾರಿ, ಬಾಬಿಲೋನಿನ ಅಧೀನತೆಯ ಗುರುತಾಗಿ ಯೆರೆಮೀಯನ ಹೆಗಲ ಮೇಲಿದ್ದ ನೊಗವನ್ನು ಮುರಿದ. ಯೆರೆಮೀಯನಲ್ಲಿ ಆ ಕ್ಷಣಕ್ಕೆ ಉತ್ತರವಿರಲಿಲ್ಲ. ಸುಮ್ಮನೆ ಹೊರಟುಹೋದ. ಮಾತು ಆಮೇಲೆ ಬಂತು. ಇನ್ನೊಮ್ಮೆ ಜನ ಬಂದು ಬೇಡಿಕೊಂಡಾಗ ಹತ್ತು ದಿನ ಕಾಯಬೇಕಾಯಿತು. ಆಯಿಷಾರ ಮೇಲೆ ಅಪವಾದ ಬಂದಾಗ ಪ್ರವಾದಿಯವರಿಗೆ ಸುಮಾರು ಒಂದು ತಿಂಗಳು ದಿವ್ಯವಾಣಿಯೇ ಬರಲಿಲ್ಲ. ಸ್ವಂತ ಮನೆಯ ಸಂಕಟ ಅದು. ಮಾತು ಅವರ ಕೈಯಲ್ಲಿದ್ದಿದ್ದರೆ ಅಷ್ಟು ದಿನ ನೋಯಬೇಕಾಗಿರಲಿಲ್ಲ. ಕೇಳಿದ ಕೂಡಲೇ ದೇವರ ಉತ್ತರವನ್ನು ತೆಗೆದುಕೊಡುವವರನ್ನು ಕಂಡಾಗ ನನಗೆ ಹನನ್ಯನ ನೆನಪಾಗುತ್ತದೆ.

ದೇವರಿಂದ ಬಂದದ್ದು ಎಂದು ಹೇಳಿಕೊಳ್ಳದ ಪವಿತ್ರ ಗ್ರಂಥಗಳೂ ಇವೆ. ಬೌದ್ಧರ ಸುತ್ತಗಳು ‘ಏವಂ ಮೇ ಸುತಂ’, ನಾನು ಹೀಗೆ ಕೇಳಿದ್ದೇನೆ ಎಂದು ಆರಂಭವಾಗುತ್ತವೆ. ಪರಂಪರೆಯ ಪ್ರಕಾರ ಆ ‘ನಾನು’ ಆನಂದ, ಕೇಳಿ ನೆನಪಿಟ್ಟುಕೊಂಡವನು. ಜೈನರಲ್ಲಿ ತೀರ್ಥಂಕರ ಸೃಷ್ಟಿಕರ್ತನಲ್ಲ. ಅವನ ದಿವ್ಯಧ್ವನಿಯನ್ನು ಮಾತಿನ ರೂಪಕ್ಕೆ ತಂದವರು ಅವನ ಪ್ರಧಾನ ಶಿಷ್ಯರಾದ ಗಣಧರರು. ದಿಗಂಬರ ಪರಂಪರೆಯಲ್ಲಿ ಒಂದು ಕಥೆಯಿದೆ. ಶ್ರುತಜ್ಞಾನ, ಅಂದರೆ ಕೇಳಿ ಉಳಿಸಿಕೊಂಡು ಬಂದ ಆಗಮದ ಅರಿವು, ಅಳಿದುಹೋಗುತ್ತಿದೆ ಎಂದು ಕಳವಳಗೊಂಡ ಧರಸೇನಾಚಾರ್ಯರು ಇಬ್ಬರು ಮುನಿಗಳನ್ನು ಕರೆಸಿ, ಪರೀಕ್ಷೆಗೆಂದು ಒಂದೊಂದು ಮಂತ್ರ ಕೊಟ್ಟರು. ಒಂದರಲ್ಲಿ ಅಕ್ಷರ ಹೆಚ್ಚು, ಇನ್ನೊಂದರಲ್ಲಿ ಅಕ್ಷರ ಕಡಿಮೆ. ಜಪಿಸಿದಾಗ ದೇವತೆಗಳು ವಿಕಾರವಾಗಿ ಕಾಣಿಸಿಕೊಂಡರು, ಒಬ್ಬಳಿಗೆ ಹಲ್ಲು ಮುಂದೆ ಚಾಚಿದೆ, ಇನ್ನೊಬ್ಬಳಿಗೆ ಒಂದೇ ಕಣ್ಣು. ದೇವತೆಗಳು ಹೀಗಿರಲಾರರು, ದೋಷ ಮಂತ್ರದಲ್ಲಿದೆ ಎಂದು ಮುನಿಗಳು ತಾವೇ ಊಹಿಸಿ, ಅಕ್ಷರ ತಿದ್ದಿ ಮತ್ತೆ ಜಪಿಸಿದರು. ದೇವತೆಗಳು ನಿಜರೂಪದಲ್ಲಿ ಬಂದರು. ಆ ಮೇಲೆಯೇ ಆಚಾರ್ಯರು ಶ್ರುತವನ್ನು ಕೊಟ್ಟದ್ದು. ಪುಷ್ಪದಂತ, ಭೂತಬಲಿ ಎಂಬ ಆ ಇಬ್ಬರಿಂದ ದಿಗಂಬರರ ಪವಿತ್ರ ಗ್ರಂಥವಾದ ಷಟ್ಖಂಡಾಗಮ ಬರಹಕ್ಕೆ ಇಳಿಯಿತು. ಅದರ ಧವಲಾ ಟೀಕೆಯ ತಾಳೆಗರಿಗಳು ಶತಮಾನಗಳ ಕಾಲ ಉಳಿದದ್ದು ನಮ್ಮ ಮೂಡುಬಿದಿರೆಯಲ್ಲಿ. ಗುರು ಕೊಟ್ಟದ್ದನ್ನು ಕಣ್ಣುಮುಚ್ಚಿ ಒಪ್ಪುವವನಿಗಿಂತ ತಪ್ಪನ್ನು ಕಂಡುಹಿಡಿಯಬಲ್ಲವನೇ ಪವಿತ್ರವಾದದ್ದನ್ನು ಬರೆಯಲು ತಕ್ಕವನು ಎಂದು ಈ ಕಥೆ ಹೇಳುತ್ತಿದೆ.

ವಾಲ್ಮೀಕಿಯ ಕಥೆ ನಿಮಗೆ ಗೊತ್ತು, ಆದರೆ ಅದರ ಕ್ರಮವನ್ನು ಗಮನಿಸಿ. ಮೊದಲು ವಾಲ್ಮೀಕಿ ತಾನೇ ಒಂದು ಪ್ರಶ್ನೆ ಕೇಳುತ್ತಾನೆ: ಈ ಲೋಕದಲ್ಲಿ ಈಗ ಗುಣವಂತನಾದವನು ಯಾರು? ನಾರದ ರಾಮನ ಕಥೆಯನ್ನು ಚುಟುಕಾಗಿ ಹೇಳುತ್ತಾನೆ. ತಮಸಾ ನದಿಯ ದಡದಲ್ಲಿ ಬೇಡ ಕ್ರೌಂಚವನ್ನು ಹೊಡೆದಾಗ ಶಾಪದ ಮಾತು ಬಾಯಿಂದ ಹೊರಡುತ್ತದೆ. ಒಡನೆಯೇ ವಾಲ್ಮೀಕಿ ಬೆಚ್ಚುತ್ತಾನೆ: ‘ಕಿಮಿದಂ ವ್ಯಾಹೃತಂ ಮಯಾ’, ನಾನು ನುಡಿದದ್ದು ಏನಿದು? ಶಿಷ್ಯ ಭರದ್ವಾಜನೊಡನೆ ಅದನ್ನು ಪರೀಕ್ಷಿಸುತ್ತಾನೆ, ಪಾದಬದ್ಧವಾಗಿದೆ, ಅಕ್ಷರಗಳು ಸಮವಾಗಿವೆ, ತಂತಿಯ ಲಯಕ್ಕೆ ಹೊಂದುತ್ತದೆ ಎಂದು. ಆಶ್ರಮಕ್ಕೆ ಬಂದ ಮೇಲೆ ಬ್ರಹ್ಮ ಬರುತ್ತಾನೆ. ಬ್ರಹ್ಮನ ಎದುರಿಗೆ ಕುಳಿತಾಗಲೂ ಈತನ ಮನಸ್ಸು ಆ ಹಕ್ಕಿಯಲ್ಲಿಯೇ ಇದೆ. ಆಗ ಬ್ರಹ್ಮ ನಗುತ್ತ ಹೇಳುತ್ತಾನೆ: ನನ್ನ ಇಚ್ಛೆಯಿಂದಲೇ ಈ ಸರಸ್ವತಿ ನಿನ್ನಲ್ಲಿ ಹರಿದಳು. ದೇವರ ಮಾತು ಕೊನೆಗೆ ಬಂತು. ಅದಕ್ಕೆ ಮೊದಲು ಪ್ರಶ್ನೆ, ಕಥೆ, ಅಳಲು, ಬೆರಗು, ಛಂದಸ್ಸಿನ ಪರೀಕ್ಷೆ ಎಲ್ಲ ಆಗಿಹೋಗಿತ್ತು. ಅಳಲು ವಾಲ್ಮೀಕಿಯದೇ. ಅದು ಅವನಲ್ಲಿ ಇಲ್ಲದಿದ್ದರೆ ಬ್ರಹ್ಮ ತನ್ನದೆಂದು ಹೇಳಲು ಅಲ್ಲಿ ಏನಿರುತ್ತಿತ್ತು?

ಇನ್ನು ಕುಮಾರವ್ಯಾಸನ ಕಂಠಪತ್ರಕ್ಕೆ ಹಿಂತಿರುಗುತ್ತೇನೆ. ‘ಉಲುಹುಗೆಡದ’, ಸದ್ದು ನಿಲ್ಲದ ಎಂಬ ಅವನ ಮಾತು ಕಿವಿಗೆ ಬಿದ್ದಾಗ ನನಗೆ ಇನ್ನೊಬ್ಬ ಲಿಪಿಕಾರ ಕಣ್ಣ ಮುಂದೆ ಬರುತ್ತಾನೆ, ಗಣಪತಿ. ವ್ಯಾಸ ಹೇಳಿದ, ಗಣಪತಿ ಬರೆದ ಎಂಬ ಕಥೆಯಲ್ಲಿ ಪಾತ್ರಗಳು ಅದಲುಬದಲಾಗಿವೆ. ಅಲ್ಲಿ ಹೇಳುವವನು ಮನುಷ್ಯ, ಬರೆಯುವವನು ದೇವರು. ನನ್ನ ಲೇಖನಿ ಒಂದು ಕ್ಷಣವೂ ನಿಲ್ಲಬಾರದು ಎಂಬುದು ಗಣಪತಿಯ ಷರತ್ತು. ವ್ಯಾಸ ಅದಕ್ಕೆ ಒಪ್ಪಿ ತನ್ನದೊಂದು ಷರತ್ತು ಹಾಕಿದ: ‘ಅಬುದ್ಧ್ವಾ ಮಾ ಲಿಖ ಕ್ವಚಿತ್’. ಅರ್ಥವಾಗದೆ ಎಲ್ಲಿಯೂ ಬರೆಯಬೇಡ. ಆಮೇಲೆ ನಡುನಡುವೆ ಗಂಟಿನಂಥ ಶ್ಲೋಕಗಳನ್ನು ಇಟ್ಟ. ಸರ್ವಜ್ಞನಾದ ಗಣೇಶನೂ ಅಲ್ಲಿ ಕ್ಷಣಕಾಲ ಯೋಚಿಸುತ್ತ ಕುಳಿತ, ಅಷ್ಟು ಹೊತ್ತಿನಲ್ಲಿ ವ್ಯಾಸ ಮುಂದಿನ ಶ್ಲೋಕಗಳನ್ನು ಕಟ್ಟಿಕೊಂಡ.

ಪುಣೆಯ ಭಂಡಾರ್‌ಕರ್ ಸಂಸ್ಥೆಯ ವಿದ್ವಾಂಸರು ನೂರಾರು ಹಸ್ತಪ್ರತಿಗಳನ್ನು ಹೋಲಿಸಿ 1966ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕೃತ ಆವೃತ್ತಿಯಲ್ಲಿ, ಮೂಲಪಾಠದೊಳಗೆ ಈ ಕಥೆ ಇಲ್ಲ. ಕೆಲವು ಕಡೆಯ ಪ್ರತಿಗಳಲ್ಲಿ ಮಾತ್ರ ಇರುವುದರಿಂದ ಇದು ಆಮೇಲೆ ಸೇರಿದ್ದು ಎಂದು ನಿರ್ಧರಿಸಿದರು. ಅದನ್ನು ತಿಳಿದಾಗ ಮೊದಲು ನನಗೆ ಬೇಸರವಾಗಿತ್ತು. ಈಗ ಯೋಚಿಸಿದರೆ, ಇದನ್ನು ಸೇರಿಸಿದವನು ಮಹಾಭಾರತವನ್ನು ಪ್ರತಿ ಮಾಡುತ್ತಿದ್ದ ಯಾರೋ ಒಬ್ಬ ಲಿಪಿಕಾರನೇ ಇರಬೇಕು. ತಾಳೆಗರಿಯ ಮುಂದೆ ಬಾಗಿ ಕುಳಿತು, ಬೆರಳು ನೋಯುತ್ತಿದ್ದಾಗ, ಕಠಿಣವಾದ ಒಂದು ಶ್ಲೋಕದ ಮುಂದೆ ಅವನ ಕೈ ನಿಂತಿರಬೇಕು. ಅರ್ಥವಾಗದೆ ಬರೆಯಲು ಮನಸ್ಸು ಒಪ್ಪಿರಲಿಕ್ಕಿಲ್ಲ. ದೇವರೂ ಒಮ್ಮೆ ಹೀಗೆಯೇ ಬರೆಯುವ ಕಂಠವನ್ನು ಎತ್ತಿ ಹಿಡಿದು ಯೋಚಿಸುತ್ತ ಕುಳಿತಿದ್ದ ಎಂದು ಅವನು ಬರೆದ.